ದಸ್ತಗೀರ್ ಚಾಚಾ ಕೇಳಿಸಿಕೊಂಡದ್ದು

ಬೆಳಗಿನಿಂದ ಅರುಂಧತಿಗೆ ತನ್ನ ದನಿಯೇ ಕೇಳಿಸುತ್ತಿತ್ತು. ಆಸ್ಪತ್ರೆಯ ಗೇಟಿಗೆ ಅಡ್ಡ ಸ್ಕೂಟರು ನಿಲ್ಲಿಸಿದವನಿಗೆ ‘ಇದೇನು ನಿಮ್ಮಪ್ಪನ ಅಂಗಳಾನ?’ ಎಂದದ್ದು, ವಾರ್ಡಿನಲ್ಲಿ ಗುಳಿಗೆಯ ಹೊತ್ತು ತಪ್ಪು ಬರೆದ ನರ್ಸಿಗೆ ‘ಕಣ್ಣು ಮನ್ಯಾಗ ಇಟ್ಟು ಬಂದೀ?’ ಎಂದದ್ದು, ಎಲ್ಲವೂ ಆಡಿ ಮುಗಿದ ಮೇಲೆ ಬೇರೆ ಯಾರೋ ಆಡಿದಂತೆ ಮತ್ತೊಮ್ಮೆ ಕಿವಿಗೆ ಬೀಳುತ್ತಿತ್ತು. ಐವತ್ತೆರಡು ವರ್ಷ ಈ ದನಿಯ ಜೊತೆ ಬಾಳಿದ್ದಾಳೆ, ಅದು ಇಷ್ಟು ಎತ್ತರದ್ದು, ಇಷ್ಟು ಚೂಪಾದದ್ದು ಎಂದು ಗಮನಿಸಿಯೇ ಇರಲಿಲ್ಲ. ಮಿರಜಿನಲ್ಲಿ ಆಪರೇಷನ್ ಮಾಡುವ ಹೆಂಗಸು ಎಂದರೆ ಟಿಕೇಕರ ಡಾಕ್ಟರಬಾಯಿ ಎಂದು ರಿಕ್ಷಾದವರೂ ಹೇಳುತ್ತಾರೆ. ಆ ಹೆಸರನ್ನು ಕಟ್ಟಿಕೊಂಡದ್ದು ಈ ದನಿಯಿಂದಲೇ ಇರಬೇಕು. ಸೊಲ್ಲಾಪುರದ ಕಾಲೇಜಿನಲ್ಲಿ ಅವಳ ಪ್ರೊಫೆಸರರು ಎಲ್ಲರೆದುರು ‘ಹೊಲಿಗಿ ಛಲೋ ಹಾಕ್ತೀ, ರವಿಕಿ ಅಂಗಡಿ ಇಡು’ ಎಂದಾಗ ನಲವತ್ತು ಗಂಡುಹುಡುಗರು ನಕ್ಕಿದ್ದರು. ಆವತ್ತಿನಿಂದ ಅವಳು ಮೆಲ್ಲಗೆ ಮಾತಾಡುವುದನ್ನು ಬಿಟ್ಟಳು. ಇವತ್ತು ಸಂಜೆ ನಾಲ್ಕಕ್ಕೆ ಕೆಳಗಿನ ಹಾಲಿನಲ್ಲಿ ರೋಗಿಗಳ ಕಾರ್ಯಕ್ರಮವಿದೆ, ಅದಕ್ಕೆ ದಸ್ತಗೀರ್ ಚಾಚಾ ಬರುತ್ತಾನೆ. ಏಳು ತಿಂಗಳ ಹಿಂದೆ ತನ್ನ ಆಪರೇಷನ್ ಮೇಜಿನ ಮೇಲೆ ಮಲಗಿದ್ದ ಆ ಮುದುಕ ಏನೇನು ಕೇಳಿಸಿಕೊಂಡಿದ್ದ ಎಂಬುದು ಸಂಜೆಗೆ ಗೊತ್ತಾಗಿಬಿಡುತ್ತದೆ. ಅವನು ಎಲ್ಲವನ್ನೂ ಕೇಳಿಸಿಕೊಂಡಿದ್ದರೆ ತನ್ನ ಕತೆ ಮುಗಿಯಿತು ಎಂದು ಅವಳಿಗೆ ಖಾತ್ರಿಯಿತ್ತು.

ಮೇಲಿನ ವಾರ್ಡಿನಿಂದ ಆಪರೇಷನ್ ಥಿಯೇಟರಿಗೆ ಹೋಗುವ ಕಾರಿಡಾರಿನ ಗೋಡೆಗೆಲ್ಲ ರೋಗಿಗಳು ಮಾಡಿದ ಚಿತ್ರಗಳನ್ನು ತೂಗುಹಾಕಿದ್ದರು. ಪುಣೆಯಿಂದ ಬರುವ ಕೇತಕಿ ಎಂಬ ಚಿತ್ರಗಾರ್ತಿ ಆರು ಶನಿವಾರಗಳಿಂದ, ಆಪರೇಷನ್ ಆದವರನ್ನು ಕೂಡಿಸಿಕೊಂಡು, ಅವರಿಗೆ ಏನಾಯಿತು ಎಂಬುದನ್ನು ಬಣ್ಣದಲ್ಲೋ ದಾರದಲ್ಲೋ ಹಾಡಿನಲ್ಲೋ ಹೇಳಿಸುತ್ತಿದ್ದಳು. ‘ಹೊಟ್ಟಿಯೊಳಗ ಏನಾತು ಅನ್ನೂದು ನಿಮಗ ಗೊತ್ತದ. ಹೊಟ್ಟಿ ಯಾರದೋ ಅವರಿಗೆ ಏನಾತು ಅನ್ನೂದು ಗೊತ್ತಿಲ್ಲ,’ ಎಂದು ಮೊದಲ ಸಭೆಯಲ್ಲಿ ಡಾಕ್ಟರರಿಗೆಲ್ಲ ಹೇಳಿದ್ದಳು. ಆಗ ಅರುಂಧತಿಯೂ ಉಳಿದವರ ಹಾಗೆ ದೊಡ್ಡ ಮನಸ್ಸಿನಿಂದ ತಲೆಯಾಡಿಸಿದ್ದಳು. ಡಾಕ್ಟರರಿಗೆ ಒಂದೇ ನಿಯಮ. ಸುಮ್ಮನೆ ಕೂತು ನೋಡಬೇಕು, ಕೇಳಬೇಕು. ಅದು ಹಾಗಲ್ಲ, ಹೀಗೆ ಎಂದು ತಿಳಿಸಿಹೇಳುವಂತಿಲ್ಲ. ರೋಗಿ ತಾನಾಗಿ ಪ್ರಶ್ನೆ ಕೇಳಿದರೆ ಮಾತ್ರ ಬಾಯಿ ಬಿಡಬೇಕು, ಆಗ ಬಿಡದೆ ಇರುವಂತಿಲ್ಲ. ಗೋಡೆಯ ಮೇಲೆ ಒಬ್ಬ ರೈತ ಸ್ಟ್ರೆಚರಿನಲ್ಲಿ ಮಲಗಿ ಕಂಡ ಟ್ಯೂಬ್‌ಲೈಟುಗಳನ್ನು ಬರೆದಿದ್ದ, ಸಾಲಾಗಿ ಹನ್ನೊಂದು, ಏಳನೆಯದು ಮಿಣುಕುತ್ತಿತ್ತು. ಈ ಕಾರಿಡಾರಿನಲ್ಲಿ ಹದಿನೆಂಟು ವರ್ಷ ಓಡಾಡಿದ ಅರುಂಧತಿ ತಲೆಯೆತ್ತಿ ನೋಡಿದಳು. ಏಳನೆಯದು ನಿಜವಾಗಿಯೂ ಮಿಣುಕುತ್ತಿತ್ತು. ಪಕ್ಕದ ಹಾಳೆಯಲ್ಲಿ ಯಾರೋ ಹೆಂಗಸು ಅವಳನ್ನೇ ಬರೆದಿದ್ದಳು. ಮುಖವಿಲ್ಲ, ಮುಖವಾಡದ ಮೇಲೆ ಎರಡು ಕನ್ನಡಕದ ಗಾಜು, ಕೆಳಗೆ ನೀಲಿ ಚಪ್ಪಲಿ, ಚಪ್ಪಲಿಯ ಮೇಲೆ ಕೆಂಪು ಹನಿ. ಅದು ರಕ್ತವಲ್ಲ, ಚರ್ಮಕ್ಕೆ ಹಚ್ಚುವ ಔಷಧ ಎಂದು ಹೇಳಬೇಕೆನಿಸಿತು. ಹೇಳುವುದಕ್ಕೆ ಅಲ್ಲಿ ಯಾರೂ ಇರಲಿಲ್ಲ, ಅವಳು ಸರಸರನೆ ನಡೆದುಬಿಟ್ಟಳು.

ಥಿಯೇಟರಿನಲ್ಲಿ ಕೈ ತೊಳೆಯುವಾಗ ನೀರು ಮೊಣಕೈಯಿಂದ ಇಳಿಯುತ್ತಿತ್ತು, ಅವಳು ಹೊಸ ನರ್ಸಿಗೆ ‘ಜೋರಾಗಿ ಎಣಸು’ ಎಂದಳು. ರಕ್ತ ಒರೆಸುವ ಬಟ್ಟೆಯ ತುಂಡುಗಳನ್ನು, ಅವರೆಲ್ಲ ಮಾಪ್ ಎನ್ನುವುದನ್ನು, ಹೊಟ್ಟೆ ತೆರೆಯುವ ಮುಂಚೆ ಒಮ್ಮೆ, ಮುಚ್ಚುವ ಮುಂಚೆ ಒಮ್ಮೆ ಎಣಿಸಬೇಕು. ಹೊಸ ನರ್ಸು ಶಾಲೆಯ ಮಗುವಿನಂತೆ ಕೂಗಿ ಎಣಿಸಿದಳು. ಇವಳ ಮುಂಚಿನ ನರ್ಸು ಎಸ್ತೇರ್ ಹಾಗೆ ಕೂಗುತ್ತಿರಲಿಲ್ಲ. ಎಸ್ತೇರ್ ಲೋಂಢೆಯದು ಕೆಳದನಿ, ಗಂಡಸಿನದೆನ್ನಬಹುದಾದಷ್ಟು ಕೆಳಗಿನದು. ಇಪ್ಪತ್ತೆರಡು ವರ್ಷ ಈ ಥಿಯೇಟರು ನಡೆಸಿದವಳು ಅವಳೇ. ಅರುಂಧತಿ ಬಂದ ಮೊದಲ ದಿನ ಯಾವ ಕತ್ತರಿ ಬೇಕೆಂದು ಕೇಳುವ ಮುಂಚೆಯೇ ಅಂಗೈಯಲ್ಲಿ ಅದು ಕುಳಿತಿತ್ತು. ಏಳು ತಿಂಗಳ ಹಿಂದೆ ಆವತ್ತು ಚಾಚಾನದು ಹೊಕ್ಕುಳ ಕೆಳಗಿನ ದೊಡ್ಡ ಹರ್ನಿಯಾ, ಕರುಳು ಅಂಟಿಕೊಂಡಿತ್ತು, ಬೆನ್ನಿಗೆ ಸೂಜಿ ಕೊಟ್ಟು ಎದೆಯಿಂದ ಕೆಳಗಿನದನ್ನೆಲ್ಲ ಮರಗಟ್ಟಿಸಿದ್ದರು. ಎದೆಯ ಮೇಲೆ ಹಸಿರು ಪರದೆ. ಪರದೆಯ ಆಚೆ ಅವನ ತಲೆ, ಈಚೆ ಅವನ ಹೊಟ್ಟೆ. ಮುಚ್ಚುವ ಹೊತ್ತಿಗೆ ಅರಿವಳಿಕೆ ಕೊಡುವ ಡಾಕ್ಟರು ಮೆಂಗಾಣೆ ಫೋನು ಹಿಡಿದು ಹೊರಗೆ ಹೋದ, ಸಹಾಯಕ ಪಕ್ಕದ ಮೇಜಿಗೆ ಹೋದ. ‘ಮ್ಯಾಡಮ್, ಒಂದ ಕಮ್ಮಿ ಐತ್ರಿ,’ ಎಂದಳು ಎಸ್ತೇರ್. ‘ಡಬ್ಬಿಯೊಳಗ ಬಿದ್ದಿರ್ತದ ನೋಡು,’ ಎಂದಳು ಇವಳು. ಎಸ್ತೇರ್ ಡಬ್ಬಿ ಬಗ್ಗಿಸಿ, ನೆಲದ ಮೇಲೆ ಹರಡಿ, ಮತ್ತೆ ಎಣಿಸಿ, ಅದೇ ಮಾತನ್ನು ಇನ್ನೆರಡು ಸಲ ಹೇಳಿದಳು. ಆವತ್ತು ಯಾವ ಅವಸರವೂ ಇರಲಿಲ್ಲ. ಎಷ್ಟೋ ಸಲ ಅರುಂಧತಿ ಅವಸರವಿತ್ತೆಂದು ನೆನಪಿಸಿಕೊಳ್ಳಲು ನೋಡಿದ್ದಾಳೆ, ಇರಲೇ ಇಲ್ಲ. ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿಸಿಕೊಳ್ಳುವುದನ್ನು ತಾಳಲಾಗಲಿಲ್ಲ, ಅಷ್ಟೆ. ‘ನಾ ಕಣ್ಣಾರೆ ನೋಡೀನಿ, ಒಳಗ ಏನೂ ಇಲ್ಲ. ನಿನ್ನ ಎಣಿಕಿ ತಪ್ಪು. ಪೂರ್ತಿ ಅಂತ ಬರಿ,’ ಎಂದಳು. ಹಾಗೆನ್ನುವಾಗ ಪರದೆಯ ಮೇಲಿಂದ ಕತ್ತು ಚಾಚಿ ನೋಡಿದ್ದಳು. ಮುದುಕ ಕಣ್ಣು ಮುಚ್ಚಿದ್ದ, ಬಾಯಿ ತುಸು ತೆರೆದಿತ್ತು. ಮಲಗಿದ್ದಾನೆ ಎಂದುಕೊಂಡಳು. ಆಮೇಲೆ ಎಸ್ತೇರ್ ಬರೆದಳು, ಸಹಿ ಮಾಡಿದಳು.

ಒಂಬತ್ತನೆಯ ದಿನ ಚಾಚಾ ಜ್ವರದಿಂದ ನಡುಗುತ್ತ ಬಂದ. ಎರಡನೆಯ ಸಲ ಪೂರ್ತಿ ಮೂರ್ಛೆ ಬರಿಸಿ ಹೊಟ್ಟೆ ತೆರೆದು ಬಟ್ಟೆಯ ತುಂಡನ್ನು ಹೊರಗೆ ತೆಗೆದದ್ದು ಅರುಂಧತಿಯೇ. ಆ ನಾತ ಎಂಟು ದಿನ ಅವಳ ಮೂಗಿನಿಂದ ಹೋಗಲಿಲ್ಲ. ಒಳಗೆ ಕೀವಾಗಿತ್ತು ಎಂದಷ್ಟೇ ಚಾಚಾನಿಗೆ ಹೇಳಿದ್ದರು. ಮನೆಗೆ ಹೊರಟ ದಿನ ಚಾಚಾ ಎರಡೂ ಕೈ ಜೋಡಿಸಿ, ‘ನಿಮ್ಮ ಕೈಗುಣದಿಂದ ಉಳದೆ ಬಾಯಿ,’ ಎಂದ. ‘ಇರಲಿ, ಇರಲಿ,’ ಎಂದಳು ಇವಳು. ಆ ‘ಇರಲಿ, ಇರಲಿ’ಯನ್ನು ನೆನೆದರೆ ಈಗಲೂ ಹಲ್ಲು ಕಚ್ಚಿಕೊಳ್ಳುವಷ್ಟು ನಾಚಿಕೆಯಾಗುತ್ತದೆ. ವಿಚಾರಣೆಯ ದಿನ ಮುಖ್ಯ ಡಾಕ್ಟರು ಫಣಸಳಕರ ತಮ್ಮ ಮೇಜಿನ ಮೇಲೆ ಆ ಕಾಗದ ಇಟ್ಟುಕೊಂಡು, ‘ಎಣಿಕಿ ಕಮ್ಮಿ ಅಂತ ನಿಮಗ ಯಾರರ ಹೇಳಿದ್ರೇನು?’ ಎಂದು ಕೇಳಿದರು. ಅಲ್ಲಿ ಹೌದು ಎನ್ನಲು ಒಂದು ಚಣ ಸಾಕಿತ್ತು. ‘ಇಲ್ಲ. ಪೂರ್ತಿ ಅಂದ್ರು. ಅವರದ ಸಹಿ ಅದ,’ ಎಂದಳು ಅರುಂಧತಿ. ಹದಿನೆಂಟು ವರ್ಷ ಜೊತೆಗೆ ದುಡಿದವಳನ್ನು ಅವತ್ತು ಮೊದಲ ಸಲ ‘ಅವರು’ ಎಂದಿದ್ದಳು. ಎಸ್ತೇರ್ ಇವಳ ಮುಖ ನೋಡಲಿಲ್ಲ, ಕಾಗದ ನೋಡಿದಳು. ‘ಸಹಿ ನಂದ ಐತ್ರಿ ಸಾಹೇಬ್ರ,’ ಎಂದಳು, ಅಷ್ಟೆ. ಮರುದಿನದಿಂದ ಅವಳು ಕೆಲಸಕ್ಕೆ ಬರಲಿಲ್ಲ, ಬರಬೇಡ ಎಂದಿದ್ದರು. ‘ಮ್ಯಾಡಮ್,’ ಎಂದು ಯಾರೋ ಕರೆದರು. ಮೇಜಿನ ಮೇಲಿನ ಇವತ್ತಿನ ಹೊಟ್ಟೆ ತೆರೆದೇ ಇತ್ತು, ಹೊಸ ನರ್ಸು ‘ಹತ್ತಕ್ಕ ಹತ್ತು ಪೂರ್ತಿ’ ಎಂದು ಕೂಗಿ ನಿಂತಿದ್ದಳು. ‘ಇನ್ನೊಮ್ಮೆ ಎಣಸು,’ ಎಂದಳು ಅರುಂಧತಿ. ಹುಡುಗಿ ಮತ್ತೆ ಎಣಿಸಿದಳು. ‘ಇನ್ನೊಮ್ಮೆ.’ ಮೂರನೆಯ ಸಲ ಎಣಿಸುವಾಗ ಹುಡುಗಿಯ ಕಣ್ಣಲ್ಲಿ ನೀರು ಬಂತು, ಅರುಂಧತಿ ಹೊಲಿಗೆಗೆ ಕೈ ಚಾಚಿದಳು.

ಮಧ್ಯಾಹ್ನ ಡಾಕ್ಟರರ ಕೋಣೆಯಲ್ಲಿ ಜೋಳದ ಭಾಕರಿ ಮುರಿದು ಕಡಲೆಹಿಟ್ಟಿನ ಝುಣಕದಲ್ಲಿ ಅದ್ದಿದವಳು ಬಾಯಿಗಿಡಲಿಲ್ಲ. ಎದುರಿಗೆ ಮೆಂಗಾಣೆ ಹಸಿ ಈರುಳ್ಳಿಯನ್ನು ಮುಷ್ಟಿಯಿಂದ ಗುದ್ದಿ ಒಡೆದು ತಿನ್ನುತ್ತಿದ್ದ. ಊರಿನಲ್ಲಿ ಯಾವ ಸುದ್ದಿಯೂ ಅವನ ಕಿವಿ ತಪ್ಪಿಸಿ ಹೋಗುವುದಿಲ್ಲ. ‘ಇವತ್ತ ನಿಮ್ಮ ಸಿತಾರದ ಚಾಚಾನೂ ಅದಾನಂತ,’ ಎಂದ. ‘ಆಪರೇಷನ್ ಸಪ್ಪಳಾ ಎಲ್ಲಾ ಬಾರಿಸಿ ತೋರಸ್ತಾನಂತ. ನನ್ನ ಗೊರಕಿನೂ ಬಾರಿಸ್ತಾನೋ ಏನೋ.’ ಅವಳು ನಗಲು ನೋಡಿದಳು. ಏಳು ತಿಂಗಳಿಂದ ಗಟ್ಟಿಯಾಗಿ ಹಿಡಿದುಕೊಂಡಿದ್ದ ಮಾತನ್ನು ಆದಷ್ಟು ಸಸಾರವಾಗಿ ಆಡಿದಳು. ‘ಅವರಿಗೇನು ಕೇಳಿಸಿರ್ತದ? ನೀವು ಮಂಪರು ಕೊಟ್ಟಿದ್ರೆಲ್ಲ.’ ಮೆಂಗಾಣೆ ಅಗಿಯುವುದನ್ನು ನಿಲ್ಲಿಸಿ ನೆನಪು ಮಾಡಿಕೊಂಡ. ‘ಚಾಚಾಗ? ಇಲ್ಲಲ್ಲ. ರಕ್ತದೊತ್ತಡ ಇಳದಿತ್ತು, ಮಂಪರು ಕೊಟ್ರ ಇನ್ನೂ ಇಳೀತದ ಅಂತ ಬಿಟ್ಟೆ. ಬೆನ್ನಿನ ಸೂಜಿ ಅಷ್ಟ.’ ‘ಮತ್ತ ಮಲಗಿದ್ರಲ್ಲ?’ ‘ಕಣ್ಣು ಮುಚ್ಚಿದ್ರು. ಮಲಗಿದ್ರೋ ಇಲ್ಲೋ ಆ ಅಲ್ಲಾಗ ಗೊತ್ತು,’ ಎಂದು ಅವನು ಮತ್ತೊಂದು ಈರುಳ್ಳಿಗೆ ಕೈ ಹಾಕಿದ. ಅರುಂಧತಿ ಡಬ್ಬಿ ಮುಚ್ಚಿದಳು. ಸಂಜೆಯ ಕಾರ್ಯಕ್ರಮಕ್ಕೆ ಹೋಗದೆ ಇದ್ದರೆ? ಸಾಂಗ್ಲಿಯಲ್ಲಿ ತುರ್ತು ಕೇಸು ಎಂದರೆ ಯಾರು ಹೋಗಿ ನೋಡುತ್ತಾರೆ? ಹಾಗೆಂದುಕೊಂಡು ಎದ್ದು ಕೈ ತೊಳೆಯುತ್ತಿರುವಾಗಲೇ ಕೇತಕಿ ಬಾಗಿಲಲ್ಲಿ ತಲೆ ಹಾಕಿದಳು, ಕೈಗೆಲ್ಲ ಬಣ್ಣ. ‘ಟಿಕೇಕರ ಮ್ಯಾಡಮ್, ನೀವು ಬರ್ತೀರಲ್ಲ? ದಸ್ತಗೀರ್ ಚಾಚಾ ಎರಡು ಸಲ ಕೇಳಿದ್ರು. ಡಾಕ್ಟರಬಾಯಿ ಇಲ್ಲಂದ್ರ ನಾ ಬಾರಸೂದಿಲ್ಲ ಅಂದಾರ.’ ಬರುತ್ತೇನೆ ಎಂದು ಹೇಳಿದ್ದು ತಾನೇ ಎಂದು ಅರುಂಧತಿಗೆ ಆಮೇಲೆ ಅರಿವಾಯಿತು.

ಹಾಲಿನಲ್ಲಿ ಭಡಂಗದ ಬೆಳ್ಳುಳ್ಳಿ ವಾಸನೆ ತುಂಬಿತ್ತು. ಜನ ಕಾಗದದ ಪೊಟ್ಟಣದಿಂದ ಖಾರದ ಚುರುಮುರಿ ಮುಕ್ಕುತ್ತ ಕೂತಿದ್ದರು. ಮೊದಲ ಸಾಲಿನಲ್ಲಿ ಫಣಸಳಕರ, ಪಕ್ಕದಲ್ಲಿ ಮೆಂಗಾಣೆ. ಅರುಂಧತಿ ಬಾಗಿಲ ಹತ್ತಿರದ ಕುರ್ಚಿ ಹುಡುಕಿದಳು, ಆದರೆ ಕೇತಕಿ ಕೈಹಿಡಿದು ಕರೆದುಕೊಂಡು ಹೋಗಿ ಫಣಸಳಕರರ ಈಚೆ ಕೂಡಿಸಿದಳು. ಮೊದಲು ಎದ್ದವಳು ಪಿತ್ತಕೋಶ ತೆಗೆಸಿಕೊಂಡ ಹೌಸಾಬಾಯಿ ಖೋತ, ಎಂಟು ಸೀರೆಯ ತುಂಡುಗಳಲ್ಲಿ ಒಂದು ಕೌದಿ ಹೊಲಿದಿದ್ದಳು. ನಡುವೆ ಬಿಳಿಯ ಚೌಕ, ಸುತ್ತ ಬಣ್ಣವೋ ಬಣ್ಣ. ‘ಇದು ನಮ್ಮ ಮನಿ, ಇದು ಹೊಲ, ಇದು ಎಮ್ಮಿ. ನಡುವ ಬೆಳ್ಳಗದ ಅಲ್ಲ, ಅದು ಎರಡು ತಾಸು. ಅದರಾಗ ನಾ ಇರಲಿಲ್ಲ,’ ಎಂದಳು. ‘ಎಲ್ಲಿ ಹೋಗಿದ್ದೆ ಅಂತ ಇವರ್‍ನ ಕೇಳಿದ್ರ, ಎಲ್ಲಾ ಛಲೋ ಆತು ಅಂತಾರ. ಛಲೋ ಆತು ಖರೆ, ನಾ ಎಲ್ಲಿದ್ದೆ?’ ಜನ ನಕ್ಕರು, ಹೌಸಾಬಾಯಿ ನಗಲಿಲ್ಲ. ‘ನಗ್ರಿ ನಗ್ರಿ, ನಿಮ್ಮದೂ ಒಂದಿನ ಕೊಯ್ತಾರ,’ ಎಂದು ಕೌದಿ ಮಡಚಿಕೊಂಡು ಕೂತಳು. ಅರುಂಧತಿಗೆ ಆ ಬಿಳಿ ಚೌಕದ ಮೇಲೆ ಹೊಟ್ಟೆಕಿಚ್ಚಾಯಿತು. ಚಾಚಾನಿಗೂ ಅಂಥ ಎರಡು ತಾಸು ಸಿಕ್ಕಿದ್ದರೆ, ಎಂದುಕೊಂಡಳು. ರೋಗಿಗೆ ಎಚ್ಚರವಿದ್ದದ್ದನ್ನು ಹೀಗೆ ಶಪಿಸುತ್ತಿರುವ ಡಾಕ್ಟರು ತಾನು ಎಂಬುದೂ ಹೊಳೆಯಿತು, ಆದರೂ ಆಸೆ ಹೋಗಲಿಲ್ಲ.

ದಸ್ತಗೀರ್ ಚಾಚಾ ಜಮಖಾನೆಯ ಮೇಲೆ ಬಂದು ಕೂತ. ಎಪ್ಪತ್ತು ದಾಟಿದ, ಒಣಗಿದ ಮೈ, ಬಿಳಿ ಟೊಪ್ಪಿಗೆ. ಮುಂದೆ ಒಂದು ಸಿತಾರು, ಇನ್ನೂ ತಂತಿ ಕಟ್ಟದ ಸೋರೆಬುರುಡೆ, ಸ್ಟೀಲಿನ ತಟ್ಟೆ, ಎರಡು ಕತ್ತರಿ, ನೀರಿನ ತಂಬಿಗೆ, ರಬ್ಬರಿನ ನಳಿಗೆ. ಮಾತಾಡಿ ರೂಢಿಯಿಲ್ಲದವನಂತೆ ಮೊದಲು ಗಂಟಲು ಸರಿಮಾಡಿಕೊಂಡ. ‘ನಂದು ಜವಾರಿ ಕೆಲಸ,’ ಎಂದ. ‘ಸಿತಾರದ ತಂತಿ ಕುಂದರತಾವಲ್ಲ, ಎಲಬಿನ ಪಟ್ಟಿ, ಅದನ್ನ ಒಂದೆಳಿ ಕೂದಲಷ್ಟ ಅರದಿಂದ ಉಜ್ಜಿ ದನಿ ಬಿಡಸೂದು. ಒಂದೆಳಿ ಹೆಚ್ಚಾತು ಅಂದ್ರ ದನಿ ಸತ್ತ ಹೋಗತೈತಿ. ಅದಕ್ಕ ಕಣ್ಣು ಉಪಯೋಗ ಇಲ್ಲ. ಐವತ್ತ ವರ್ಷ ಕಣ್ಣು ಮುಚ್ಚೇ ಮಾಡೀನಿ. ನಮ್ಮಾಕಿ ಚಾ ತಂದ್ರ, ಮುದುಕ ಮಲಗೈತಿ ಅಂತ ಒಳಗ ಒಯ್ತಾಳ. ನಾ ಮಲಗಿರೂದಿಲ್ಲ, ಕೇಳತಿರತೀನಿ.’ ಹಾಲಿನಲ್ಲಿ ಎಲ್ಲರೂ ನಕ್ಕರು. ಅರುಂಧತಿ ಕುರ್ಚಿಯ ಕೈಯನ್ನು ಹಿಡಿದುಕೊಂಡಳು. ಪರದೆಯ ಆಚೆ ಕಂಡ ಮುಚ್ಚಿದ ಕಣ್ಣು, ತುಸು ತೆರೆದ ಬಾಯಿ. ಈ ಊರಿನಲ್ಲೇ ಹುಟ್ಟಿದವಳು, ಚಿಕ್ಕಂದಿನಲ್ಲಿ ಶಾಲೆಗೆ ಹೋಗುವಾಗ ದರ್ಗಾದ ಓಣಿಯ ಅಂಗಡಿಗಳಲ್ಲಿ ಕಣ್ಣು ಮುಚ್ಚಿ ಎಲುಬು ಉಜ್ಜುವ ಮುದುಕರನ್ನು ದಿನಾ ನೋಡಿದ್ದವಳು. ಬೇರೆ ಊರಿನ ಡಾಕ್ಟರಾಗಿದ್ದರೆ ಕ್ಷಮೆಯಿತ್ತು. ‘ನೀವೂ ಕಣ್ಣು ಮುಚ್ಚರಿ,’ ಎಂದ ಚಾಚಾ. ಎಲ್ಲರೂ ಮುಚ್ಚಿದರು. ಅರುಂಧತಿ ಮುಚ್ಚಲಿಲ್ಲ.

ಅವನು ಶುರುಮಾಡಿದ. ತಟ್ಟೆಗೆ ಕತ್ತರಿ ಬಿದ್ದ ಸಪ್ಪಳ, ನಳಿಗೆಯಿಂದ ನೀರು ಹೀರಿದ ಸಪ್ಪಳ, ಬುರುಡೆಯ ಬೆನ್ನಿನ ಮೇಲೆ ಬೆರಳ ತುದಿಯಿಂದ ರಬ್ಬರು ಚಪ್ಪಲಿಯ ನಡಿಗೆ. ಯಾರದೋ ಹೊಟ್ಟೆಯೊಳಗೆ ಕೈ ಆಡುತ್ತಿರುವ ಒದ್ದೆ ಸದ್ದನ್ನು ಒದ್ದೆ ಅಂಗೈಯಿಂದ ಅದೇ ಬುರುಡೆಯ ಮೇಲೆ ಮಾಡಿದಾಗ, ಹಿಂದಿನ ಸಾಲಿನ ಒಬ್ಬಾಕೆ ‘ಅಯ್ಯ ನಮ್ಮವ್ವ’ ಎಂದಳು. ಅವನ ಸದ್ದುಗಳಲ್ಲೇ ಫೋನು ಮೊಳಗಿತು, ಬಾಗಿಲು ಒಮ್ಮೆ ಹೋಗಿ ಬಂದು ನಿಂತಿತು, ಮೆಂಗಾಣೆ ಕಣ್ಣು ಮುಚ್ಚಿಕೊಂಡೇ ಮುಗುಳ್ನಕ್ಕ. ಒಂದೂ ಸುಳ್ಳಿರಲಿಲ್ಲ, ಒಂದೂ ಹಿಂದುಮುಂದಾಗಿರಲಿಲ್ಲ. ಅರುಂಧತಿಗೆ ತಾನು ಹದಿನೆಂಟು ವರ್ಷ ದುಡಿದ ಕೋಣೆ ಇಷ್ಟು ಭಯ ಹುಟ್ಟಿಸುವಂಥದ್ದು ಎಂದು ಅನಿಸಿದ್ದೇ ಈಗ. ಆಮೇಲೆ ಅವನು ಗೆಣ್ಣಿನಿಂದ ಬುರುಡೆಯನ್ನು ನಿಧಾನವಾಗಿ ತಟ್ಟತೊಡಗಿದ. ಒಂದು, ಎರಡು, ಮೂರು. ಒಂಬತ್ತು ತಟ್ಟಿದ, ಕೈ ಮೇಲೆಯೇ ನಿಂತಿತು. ಹತ್ತನೆಯದು ಬೀಳಲಿಲ್ಲ. ಕಣ್ಣು ಮುಚ್ಚಿದ ಜನರ ಮುಖದಲ್ಲಿ ಅದಕ್ಕಾಗಿ ಕಾಯುವ ಕಳವಳ ಕಾಣುತ್ತಿತ್ತು. ‘ಇಲ್ಲಿ ಮಾತು ಬರತಾವ,’ ಎಂದ ಚಾಚಾ. ‘ಮಾತು ನಮ್ಮವಲ್ಲ, ಅವನ್ನ ನಾ ಹೇಳೂದಿಲ್ಲ. ದನಿ ಅಷ್ಟ ಕೇಳ್ರಿ.’ ಸಿತಾರು ಎತ್ತಿಕೊಂಡು ಕೆಳಗಿನ ತಂತಿಯನ್ನು ಎಳೆದು ಬಿಟ್ಟ. ತಗ್ಗಿನ, ತಾಳ್ಮೆಯ, ಕೊನೆಗೆ ತುಸು ಮೇಲೇಳುವ ನಾಲ್ಕು ಸ್ವರ. ಅದಕ್ಕೆ ಮೇಲಿನ ತಂತಿ ಚುರುಕಾಗಿ ಉತ್ತರ ಕೊಟ್ಟಿತು. ಮತ್ತೆ ಕೆಳಗಿನದು, ಅದೇ ನಾಲ್ಕು ಸ್ವರ. ಮೇಲಿನದು ಇನ್ನೂ ಚೂಪಾಯಿತು. ಮೂರನೆಯ ಸಲ ಕೆಳಗಿನದು ಮುಗಿಯುವ ಮುಂಚೆಯೇ ಮೇಲಿನ ತಂತಿ ಅದರ ಮೇಲೆ ಬಿದ್ದು ಕತ್ತರಿಸಿಹಾಕಿತು. ಮತ್ತೆ ಕೆಳದನಿ ಏಳಲಿಲ್ಲ, ಕಾಗದದ ಮೇಲೆ ಪೆನ್ನು ಗೀಚಿದಂತೆ ಉಗುರಿನಿಂದ ಬುರುಡೆ ಕೆರೆದ, ಮುಗಿಸಿದ. ಜನಕ್ಕೆ ಅದು ಇಬ್ಬರು ಹೆಂಗಸರ ಯಾವುದೋ ಜಗಳವಾಗಿ ಕೇಳಿಸಿರಬೇಕು. ಅರುಂಧತಿಗೆ ಅಕ್ಷರ ಅಕ್ಷರವೂ ಕೇಳಿಸಿತು. ಆ ಚೂಪು ತಂತಿ ತಾನು ಎಂಬುದರಲ್ಲಿ ಎಳ್ಳಷ್ಟೂ ಸಂಶಯವಿರಲಿಲ್ಲ. ಆದರೂ ಒಳಗೆ ಒಂದು ಸಣ್ಣ, ಹೇಸಿಗೆ ಹುಟ್ಟಿಸುವ ನಿರಾಳ ಮೂಡಿತು. ಮಾತು ಹೇಳಲಿಲ್ಲ, ಯಾರಿಗೂ ಗೊತ್ತಾಗಲಿಲ್ಲ, ಪಾರಾದೆ.

ಜನ ಕಣ್ಣು ತೆರೆದು ಚಪ್ಪಾಳೆ ತಟ್ಟಿದರು. ಚಾಚಾ ಕೈಯೆತ್ತಿ ತಡೆದ. ‘ಡಾಕ್ಟರಬಾಯಿಗೆ ಒಂದ ಮಾತು ಕೇಳೂದೈತಿ. ಕೇಳಬಹುದಲ್ಲ?’ ಎಂದು ಕೇತಕಿಯ ಕಡೆ ನೋಡಿದ. ಅವಳು ತಲೆಯಾಡಿಸಿದಳು. ‘ಆ ಕೆಳಗಿನ ದನಿ ಯಾರದ್ರಿ ಬಾಯಿ? ಎರಡನೇ ಸಲ ಮೂರ್ಛೆ ಬರೂತನಕ ಕೇಳೀನಿ, ಆಕಿ ಇರಲಿಲ್ಲ. ಹತ್ತೊಂಬತ್ತ ದಿನ ವಾರ್ಡಿನ್ಯಾಗ ಕಿವಿ ಇಟ್ಟು ಕೇಳೀನಿ, ಬರಲಿಲ್ಲ. ಮುಖಾ ನಾ ನೋಡಿಲ್ಲ, ಹೆಸರು ಗೊತ್ತಿಲ್ಲ. ಅಂಥ ದನಿ ಇರಲೇ ಇಲ್ಲ, ಔಷಧಿ ಭ್ರಮಾ ಅಂತಾನ ನನ್ನ ಮಗ. ಇದನ್ನ ಕೇಳಾಕಂತನ ಆರು ಶನಿವಾರ ಬಂದೀನಿ.’ ಎಲ್ಲರೂ ಅರುಂಧತಿಯ ಕಡೆ ತಿರುಗಿದರು. ಫಣಸಳಕರ ಕೂಡ ತಿರುಗಿದರು. ಅವರ ಮುಖದಲ್ಲಿ ಒಂದು ಒಳ್ಳೆಯ ಕಾರ್ಯಕ್ರಮ ನೋಡಿದ ಸಂತೋಷವಷ್ಟೇ ಇತ್ತು. ಅವಳು ಎದ್ದು ನಿಂತಳು. ‘ಚಾಚಾ,’ ಎಂದಳು. ರೋಗಿಗಳ ಜೊತೆ ಆಡುವ, ಬೆನ್ನು ಸವರುವ ಮಾತು ತಾನಾಗಿಯೇ ನಾಲಿಗೆಗೆ ಬಂತು. ‘ಆಪರೇಷನ್ನಿನ್ಯಾಗ ನಿಮಗ ಮಂಪರು ಬರೂ ಇಂಜೆಕ್ಷನ್ ಕೊಟ್ಟಿರ್ತೀವಿ. ಅದರಾಗ ಇಲ್ಲದ ದನಿ ಕೇಳಿಸ್ತಾವ, ಆಗದ್ದು ಆದಂಗ ಅನಸ್ತದ. ಭಾಳ ಮಂದಿಗೆ ಹಂಗಾಗ್ತದ. ನಿಮ್ಮ ಮಗ ಹೇಳಿದ್ದು ಖರೆ ಅದ.’ ಮೆಂಗಾಣೆ ಪೊಟ್ಟಣದಲ್ಲಿ ಆಡಿಸುತ್ತಿದ್ದ ಬೆರಳನ್ನು ನಿಲ್ಲಿಸಿ ಅವಳ ಮುಖ ನೋಡಿದ, ಆಮೇಲೆ ತನ್ನ ಚಪ್ಪಲಿ ನೋಡಿಕೊಂಡ.

ಚಾಚಾ ಸಿಟ್ಟಾಗುತ್ತಾನೆ, ಮಾತು ಹೊರಗೆ ಹಾಕುತ್ತಾನೆ ಎಂದು ಅವಳು ಮೈ ಬಿಗಿಹಿಡಿದು ನಿಂತಿದ್ದಳು. ಅವನು ಸಿಟ್ಟಾಗಲಿಲ್ಲ, ಡಾಕ್ಟರಬಾಯಿಯ ಮಾತನ್ನು ನಂಬಿಬಿಟ್ಟ. ಅವಳ ಕಣ್ಣೆದುರೇ ಆ ಮಾತು ಅವನೊಳಗೆ ಇಳಿಯಿತು. ‘ಅಂದ್ರ ಯಾರೂ ಹಂಗ ಅಂದಿಲ್ಲ?’ ಎಂದು ಕೇಳಿದ. ‘ಅಂದ್ರ ಕಿವಿ ಸುಳ್ಳ ಹೇಳೇತಿ,’ ಎಂದು ತನಗೆ ತಾನೇ ಅಂದುಕೊಂಡ. ಕತ್ತರಿಗಳನ್ನು ತಟ್ಟೆಗೆ ಹಾಕಿದ, ತಂಬಿಗೆಯ ನೀರನ್ನು ಬಾಗಿಲಾಚೆ ಚೆಲ್ಲಿ ಬಂದ, ನಳಿಗೆಯನ್ನು ಸುತ್ತಿಟ್ಟ. ಸಿತಾರಿಗೆ ಗವಸು ತೊಡಿಸಿ ಗುಂಡಿ ಹಾಕಿದ. ಕೇತಕಿ ಬಗ್ಗಿ ‘ಯಾಕ ಚಾಚಾ, ಇನ್ನೂ ಚಾ ಅದ, ಕೂಡ್ರಿ,’ ಎಂದಳು. ‘ಇಲ್ಲವ್ವ, ಹೋಗಬೇಕು. ಕೊಲ್ಹಾಪುರದವರದೊಂದು ಸಿತಾರ ಬಂದು ಕುಂತೈತಿ ಜವಾರಿಗೆ, ತೊಂಬತ್ತ ವರ್ಷದ್ದು, ಅವರಜ್ಜಂದು. ಅದನ್ನ ವಾಪಸ್ ಕೊಟ್ಟ ಬಿಡತೀನಿ. ಇಂಥ ಕಿವಿ ನಂಬಿ ಮಂದಿ ಸಾಮಾನಿಗೆ ಅರ ಹಚ್ಚೂದು ಪಾಪ,’ ಎಂದ. ಗೊಣಗಾಟವಿರಲಿಲ್ಲ, ಲೆಕ್ಕ ತೀರಿದವನ ಹಾಗೆ ಹೇಳಿದ. ಆಪರೇಷನ್ನಿನ ಮೇಜಿನ ಮೇಲೆ ಅವನು ಉಳಿಸಿಕೊಂಡ ಒಂದೇ ಒಂದನ್ನು, ಕಿವಿಯ ಮೇಲಿನ ನಂಬಿಕೆಯನ್ನು, ಅವನಿಂದ ಈಗ ತಾನು ತೆಗೆದುಬಿಟ್ಟೆ ಎಂದು ಅರುಂಧತಿಗೆ ತಿಳಿಯಿತು. ಎಸ್ತೇರಳಿಗೆ ಮಾಡಿದ್ದು ಸಾಲದೆಂಬಂತೆ ಇನ್ನೊಬ್ಬರಿಗೆ. ಎಸ್ತೇರ್ ಆಸ್ಪತ್ರೆ ಬಿಟ್ಟು ಹೋದ ದಿನ ಅರುಂಧತಿ ಕಿಟಕಿಯ ಹಿಂದೆ ನಿಂತು ನೋಡಿದ್ದಳು, ಇವತ್ತು ಹಾಗೆ ಮರೆಗೆ ನಿಲ್ಲಲು ಕಿಟಕಿಯೂ ಇರಲಿಲ್ಲ. ಈಗ ಬಾಯಿ ಬಿಟ್ಟರೆ ಹೆಸರು, ಕೆಲಸ, ರಿಕ್ಷಾದವರ ಗೌರವ ಎಲ್ಲ ಹೋಗುತ್ತದೆ. ಬಿಡದಿದ್ದರೆ ಮುದುಕ ಬಾಗಿಲು ದಾಟಿ ಹೋಗುತ್ತಾನೆ, ಎಲ್ಲ ಮುಂಚಿನಂತೆಯೇ ಇರುತ್ತದೆ. ಆ ‘ಮುಂಚಿನಂತೆಯೇ’ ಎಂಬುದನ್ನು ಇನ್ನೊಂದು ದಿನವೂ ಬಾಳಲಾರೆ ಎನಿಸಿತು.

‘ಚಾಚಾ, ಆ ಸಿತಾರ ವಾಪಸ್ ಕೊಡಬ್ಯಾಡ್ರಿ,’ ಎಂದಳು. ಅವನು ಬಾಗಿಲ ಹತ್ತಿರ ನಿಂತ. ‘ನಾ ಈಗ ಸುಳ್ಳು ಹೇಳಿದೆ. ನಿಮಗ ಮಂಪರು ಕೊಟ್ಟೇ ಇರಲಿಲ್ಲ. ನಿಮ್ಮ ಕಿವಿ ಸರಿ ಅದ. ಆಕಿ ಹೆಸರು ಎಸ್ತೇರ್ ಲೋಂಢೆ. ಮ್ಯಾಡಮ್ ಒಂದ ಕಮ್ಮಿ ಐತ್ರಿ ಅಂದ್ಲು. ನನಗ ಸಿಟ್ಟ ಬಂತು. ಪೂರ್ತಿ ಅಂತ ಬರಿ ಅಂದೆ, ಬರಿಸಿದೆ. ಅರಿವಿ ನಿಮ್ಮ ಹೊಟ್ಟಿಯೊಳಗ ಉಳೀತು. ಆಮ್ಯಾಲ ಫಣಸಳಕರ ಸಾಹೇಬ್ರ ಮುಂದ, ಆಕಿ ನನಗ ಹೇಳೇ ಇಲ್ಲ ಅಂದೆ.’ ಭಡಂಗದ ಪೊಟ್ಟಣಗಳ ಸರಪರ ನಿಂತುಹೋಗಿತ್ತು. ಫಣಸಳಕರ ಮೆಲ್ಲಗೆ ‘ಟಿಕೇಕರ, ಇದು ಇಲ್ಲಿ ಆಡೂ ಮಾತಲ್ಲ, ನನ್ನ ಖೋಲಿಗೆ ಬರ್ರಿ,’ ಎಂದರು. ಅವಳು ಅವರ ಕಡೆ ತಿರುಗಲಿಲ್ಲ, ತಿರುಗಿದರೆ ಕೂತುಬಿಡುತ್ತೇನೆ ಎಂದು ಹೆದರಿಕೆಯಾಗಿತ್ತು. ‘ಮೂರು ಸಲ ಹೇಳಿದ್ಲು ಚಾಚಾ, ನೀವು ಬಾರಿಸಿದಂಗ. ಮೂರು ಸಲ,’ ಎಂದಳು.

‘ನಾಕು ಸಲ್ರಿ ಬಾಯಿ,’ ಎಂದ ದಸ್ತಗೀರ್ ಚಾಚಾ. ಅವನ ಮುಖಕ್ಕೆ ಮತ್ತೆ ಜೀವ ಬಂದಿತ್ತು, ಅದರಲ್ಲಿ ಅವಳ ಮೇಲೆ ಸಿಟ್ಟಿಗೆ ಜಾಗವೇ ಇದ್ದಂತಿರಲಿಲ್ಲ. ‘ನಾಕನೇದ್ದು ನಾ ಬಾರಿಸಲಿಲ್ಲ, ಅದು ನನ್ನ ಕಿವಿಯೊಳಗ ಅಂದಿದ್ದು. ನೀವು ಕೈಗವಸು ಬಿಚ್ಚಿ ಹೋಗಿದ್ರಿ. ಆಕಿ ನನ್ನ ತಲಿ ಹತ್ರ ಬಂದು ಬಗ್ಗಿ ಅಂದ್ಲು, ಚಾಚಾ, ಒಳಗ ಒಂದ ಅರಿವಿ ಉಳದಂಗ ನನಗ ಅನಸ್ತೈತಿ, ಜ್ವರಾ ಬಂದ್ರ ಮನ್ಯಾಗ ಕುಂದರಬ್ಯಾಡ್ರಿ, ಆ ತಾಸಿಗೆ ಬರ್ರಿ ಅಂತ. ಜ್ವರಾ ಬಂತು. ಮಗ ಗುಳಿಗಿ ತಗೋ ಮಲಗು ಅಂದ. ನಾ ಮಲಗಲಿಲ್ಲ, ರಿಕ್ಷಾ ಮಾಡಕೊಂಡ ಬಂದೆ. ಬಂದಿದ್ದಕ್ಕ ಉಳದೆ. ಇದನ್ನ ಯಾರಿಗೂ ಹೇಳಿಲ್ಲ, ಯಾರೂ ನನ್ನ ಕೇಳಲಿಲ್ಲ.’ ಅವನನ್ನು ಉಳಿಸಿದ್ದಾದರೂ ತನ್ನ ಕೈ ಎಂದು ಅರುಂಧತಿ ಏಳು ತಿಂಗಳಿಂದ ಅದೊಂದನ್ನೇ ಹಿಡಿದುಕೊಂಡು ನಿದ್ದೆ ಮಾಡಿದ್ದಳು. ಅದೂ ಹೋಯಿತು. ಅವಳು ಕುರ್ಚಿಯ ಬೆನ್ನು ಹಿಡಿದು ನಿಂತೇ ಇದ್ದಳು.

‘ಈಗ ಎಲ್ಲಿ ಅದಾಳ್ರಿ ಆಕಿ?’ ಎಂದು ಚಾಚಾ ಕೇಳಿದ.

ಅದೂ ಅವಳಿಗೆ ಗೊತ್ತಿತ್ತು. ಯಾರಿಗೂ ಹೇಳದೆ, ಜಯಸಿಂಗಪುರಕ್ಕೆ ಕಾರಿನಲ್ಲಿ ಎರಡು ಸಲ ಹೋಗಿ, ರಸ್ತೆಯ ಈಚೆ ನಿಂತು ಅವಳು ನೋಡಿ ಬಂದಿದ್ದಳು.

‘ಜಯಸಿಂಗಪುರದಾಗ,’ ಎಂದಳು ಅರುಂಧತಿ. ‘ಒಂದು ಸಣ್ಣ ದವಾಖಾನಿ ಬಾಗಿಲಾಗ ಸ್ಟೂಲಿನ ಮ್ಯಾಲ ಕುಂತು, ಬಂದವರಿಗೆಲ್ಲಾ ನಂಬರ್ ಚೀಟಿ ಹರದು ಕೊಡ್ತಾಳ.’